ಕೆರಿ ಒಂದ, ಪಟ್ಟಿ ಎರಡು: ನಮ್ಮೂರ ದೈವದವರಿಗೆ ಒಂದು ಬಹಿರಂಗ ಪತ್ರ

ನಮ್ಮೂರ ಕೆರಿ ಕಮಿಟಿ ಅಧ್ಯಕ್ಷರಿಗೆ, ಸದಸ್ಯರಿಗೆ, ಊರ ದೈವದ, ಅಂದ್ರ ಊರ ಸಭಾದ, ಗುರುಹಿರಿಯರಿಗೆ, ಮತ್ತ ಬೆಂಗಳೂರು ಪುಣೆ ದುಬೈ ಅಂತ ಹೊರಗ ದುಡಿಯಾಕತ್ತಿರೋ ನಮ್ಮೂರ ಮಕ್ಕಳಿಗೆ, ಶರಣು ಶರಣಾರ್ಥಿ.

ನಾ ಯಾರಂತ ನಿಮಗೆಲ್ಲ ಗೊತ್ತೈತಿ. ಈ ಊರಿಗೆ ಸೊಸಿಯಾಗಿ ಬಂದು ಇಪ್ಪತ್ತೆರಡು ವರ್ಷ ಆತು, ತಾಲೂಕಿನ ಒಂದು ಹೈಸ್ಕೂಲಿನಾಗ ಗಣಿತ ಕಲಸ್ತೀನಿ, ಹೋದ ನಾಕು ವರ್ಷದಿಂದ ಊರ ಪಟ್ಟಿ, ಅಂದ್ರ ಊರ ಕೆಲಸಕ್ಕ ಎತ್ತೋ ವಂತಿಗಿ, ಅದರ ಪುಸ್ತಕ ಬರಿಯೋ ಕೆಲಸ ನನ್ನ ಕೈಯಾಗ ಐತಿ. ಟೀಚರ್ ಲೆಕ್ಕ ತಪ್ಪಂಗಿಲ್ಲ ಅಂತ ನೀವ ನಂಬಿ ಕೊಟ್ಟಿದ್ದು, ಆ ನಂಬಿಕಿ ಇಟ್ಟುಕೊಂಡೇ ಈ ಪತ್ರ ಬರಿಯಾಕತ್ತೀನಿ. ಊರಿನ ಹೆಸರಾಗ್ಲಿ ಯಾರ ಮನಿತನದ ಹೆಸರಾಗ್ಲಿ ಇಲ್ಲಿ ಬರಿಯಂಗಿಲ್ಲ, ನಮ್ಮ ಮಾತು ನಾಕು ಮಂದಿ ಓದ್ಲಿ ಆದ್ರ ಯಾರ ಮರ್ಯಾದಿನೂ ಹೋಗೂದು ಬ್ಯಾಡ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆ ನಮ್ಮಂಥಾ ಕೆರಿ ಇರೋ ಊರು ಬಾಳ ಅದಾವ, ಓದಿದವರು ತಮ್ಮೂರ ಅಂತನ ತಿಳ್ಕೊಂಡ್ರೂ ನಡೀತೈತಿ.

ಹೋದ ಅಮಾವಾಸಿ ದಿನ ಕೆರಿ ಏರಿ ಮ್ಯಾಲಿನ ಬೇವಿನ ಗಿಡದ ಬುಡಕ ದೈವ ಕೂಡಿತ್ತು. ನಾ ಪುಸ್ತಕ ಹಿಡ್ಕೊಂಡು ಒಂದು ಕಡೆ ಕುಂತಿದ್ದೆ, ಹೆಣ್ಣಮಕ್ಕಳು ಅಂದ್ರ ಅವತ್ತ ನಾನೊಬ್ಬಾಕಿನ. ಮೊದಲ ಎದ್ದ ಮಾತು, ದೂರದ ಒಂದು ಜಿಲ್ಲೆದಾಗ ಮಳಿಗೆ ಮನಿ ಕಳ್ಕೊಂಡವರಿಗೆ ಊರಿಂದ ಏನರ ಕಳಸೋಣು ಅಂತ ನಮ್ಮ ಕಾಲೇಜಿನ ಹುಡುಗ್ರು ಕೇಳಿದ್ದು. ಅದಕ್ಕ ಠರಾವು ಆತು. ಇನ್ಮ್ಯಾಲೆ ಊರ ರೊಕ್ಕ ಊರಿಗೇ, ಹೊರಗಿನ ಯಾವ ಪಟ್ಟಿಗೂ ಒಂದು ರೂಪಾಯಿ ಹೋಗಬಾರದು ಅಂತ. ಚಪ್ಪಾಳಿ ಬಿತ್ತು, ನಾ ಬರಕೊಂಡೆ. ಆಮ್ಯಾಲ ಅರ್ಧ ತಾಸಿಗೆ ಎರಡನೇ ಮಾತು ಬಂತು, ಚಳಿಗಾಲದಾಗ ಬರೋ ಹಕ್ಕಿ ಸಲುವಾಗಿ ಒಂದು ಸಂಸ್ಥಾದವರು ತಂದ ಕಾಗದ. ನವೆಂಬರದಿಂದ ಫೆಬ್ರವರಿತನಕ ಕೆರಿ ಅಂಚಿಗೆ ಎಂಜಿನ್ ಹಚ್ಚಿ ನೀರು ಎತ್ತಬಾರದು, ಹೊಲಕ್ಕ ಇಳಿದ ಹಕ್ಕಿನ ಪಟಾಕಿ ಹಾರಿಸಿ ಓಡಸಬಾರದು, ಟ್ರ್ಯಾಕ್ಟರ್ ಕೆರ್ಯಾಗ ಇಳಸಬಾರದು, ಅದಕ್ಕ ಬದಲಿ ಸಂಸ್ಥಾದವರು ಒಂದು ಬೋರ್ಡು, ಒಂದು ಕಟ್ಟಿ, ಎರಡು ದುರ್ಬೀನು ಕೊಡ್ತಾರಂತ. ಅದಕ್ಕೂ ಚಪ್ಪಾಳಿ ಬಿತ್ತು, ಸಹಿ ಆತು, ಅದನ್ನೂ ನಾನ ಬರಕೊಂಡೆ, ಅದೇ ಪುಟದಾಗ, ಮೊದಲನೇ ಠರಾವಿನ ಕೆಳಗ.

ಮನಿಗೆ ಬಂದು ರೊಟ್ಟಿ ಬಡಿಯೋ ಹೊತ್ತಿನ್ಯಾಗ ಆ ಪುಟ ನನ್ನ ಕಣ್ಣ ಮುಂದಿಂದ ಹೋಗವಲ್ದು. ಹೊರಗಿನವರಿಗೆ ಒಂದು ರೂಪಾಯಿ ಕೊಡಂಗಿಲ್ಲ ಅಂದ ದೈವನ, ಅರ್ಧ ತಾಸಿನ್ಯಾಗ ಕೆರಿ ಹಚ್ಚಿ ಇರೋ ಆರು ಮನಿತನದ ಹಿಂಗಾರಿ ಬೆಳಿನ ಜಗತ್ತಿಗೆ ಕೊಟ್ಟು ಎದ್ದು ಬಂತು. ಮತ್ತ ಆ ಆರು ಮಂದಿನ ಕೇಳಿ ಅಲ್ಲ. ಅವರೊಳಗ ಇಬ್ಬರು ಅವತ್ತು ಸಭಾಕ್ಕ ಬಂದಿರಲೇ ಇಲ್ಲ.

ನನ್ನ ತಕರಾರು ಇಷ್ಟ. ನೀವು ಜಗತ್ತಿನ ಪಟ್ಟಿ ಎತ್ತಂಗಿಲ್ಲ ಅಂತ ತಿಳ್ಕೊಂಡೀರಿ, ಆದ್ರ ಎತ್ತೇ ಬಿಟ್ಟೀರಿ, ಪುಸ್ತಕದಾಗ ಬರೀಲಾರದ, ಬರೇ ಆರು ಮನಿ ಹತ್ರ.

ಆ ಹಕ್ಕಿ ವಿಚಾರ ಹೊರಗಿದ್ದ ನಮ್ಮ ಹುಡುಗರಿಗೆ ಅಷ್ಟು ಗೊತ್ತಿರಲಿಕ್ಕಿಲ್ಲ, ಸ್ವಲ್ಪ ಹೇಳತೀನಿ. ಬಾರ್ ಹೆಡೆಡ್ ಗೂಸ್ ಅಂತಾರ, ಕನ್ನಡದಾಗ ಪಟ್ಟೆತಲೆ ಹೆಬ್ಬಾತು, ಬಿಳಿ ತಲಿ ಮ್ಯಾಲೆ ಎರಡು ಕರಿ ಪಟ್ಟಿ ಎಳದಂಗ ಇರ್ತಾವ. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಚಳಿ ಬಿತ್ತು ಅಂದ್ರ ಹಿಮಾಲಯ ದಾಟಿ ಈ ಕಡೆ ಬರ್ತಾವ. ಹಕ್ಕಿ ಮೈಗೆ ಸಣ್ಣ ಯಂತ್ರ ಕಟ್ಟಿ ನೋಡಿದವರು 7 ಸಾವಿರ ಮೀಟರಿಗಿಂತ ಎತ್ತರದಾಗ ಹಾರಿದ್ದನ್ನ ದಾಖಲ ಮಾಡ್ಯಾರ, ಆ ಎತ್ತರದಾಗ ಮನಷಾಗ ನಡಿಯಾಕ ಉಸರು ಸಾಲಂಗಿಲ್ಲ. ನಮ್ಮ ಶಿರಹಟ್ಟಿ ಕಡಿ ಮಾಗಡಿ ಕೆರಿ ಈ ಹಕ್ಕಿಗೆ ದಕ್ಷಿಣ ಭಾರತದಾಗ ದೊಡ್ಡ ಬೀಡು, ಸುಮಾರು 50 ಹೆಕ್ಟೇರಿನ ಕೆರಿ, ಮಳಿ ನೀರು ಹಿಡಿದು ಹೊಲಕ್ಕ ಬಿಡಾಕಂತ ಹಿಂದಿನವರು ಕಟ್ಟಿಸಿದ್ದು. 2024ರ ಜನವರಿಯೊಳಗ ಅದು ರಾಮ್ಸಾರ್ ಪಟ್ಟಿಗೆ ಸೇರಿತು, ಅಘನಾಶಿನಿ ಅಳಿವೆ ಮತ್ತ ಅಂಕಸಮುದ್ರದ ಜೋಡಿ. ಅದಕ್ಕಿಂತ ಮೊದಲ ನಮ್ಮ ರಾಜ್ಯದ್ದು ಆ ಪಟ್ಟಿಯೊಳಗ ರಂಗನತಿಟ್ಟು ಒಂದ ಇತ್ತು. ರಾಮ್ಸಾರ್ ಅನ್ನೂದು ಇರಾನಿನ ಒಂದು ಊರು, 1971ರಾಗ ಅಲ್ಲಿ ದೇಶದೇಶದವರು ಕೂಡಿ ಒಪ್ಪಂದ ಮಾಡಿದ್ರು, ಕೆರಿ ಕಟ್ಟಿ ಜೌಗು ಅಂದ್ರ ಬರೇ ಆ ಊರಿನ ಆಸ್ತಿ ಅಲ್ಲ, ಎಲ್ಲಾರ ಪಾಲೂ ಅದರಾಗ ಐತಿ ಅಂತ.

ನಮ್ಮೂರ ಕೆರಿ ಮಾಗಡಿ ಕೆರಿಯಷ್ಟು ದೊಡ್ಡದಲ್ಲ, ಯಾವ ಪಟ್ಟಿಯೊಳಗೂ ಅದರ ಹೆಸರಿಲ್ಲ. ಆದ್ರ ಅಲ್ಲಿ ಜಾಗಾ ಸಾಲದಿದ್ರೋ ಏನೋ, ಒಂದಿಷ್ಟು ಹಿಂಡು ಪ್ರತಿ ವರ್ಷ ನಮ್ಮ ನೀರಿಗೂ ಇಳೀತಾವ. ಹಗಲೆಲ್ಲ ನೀರಾಗ ದಂಡಿಗೆ ಕುಂದರ್ತಾವ, ಹೊತ್ತು ಮುಣಗಿದ ಮ್ಯಾಲ ಎದ್ದು ಹೊಲಕ್ಕ ಹೋಗ್ತಾವ. ನೀರಾಗ ಇದ್ದಾಗ ಅವು ಜಗತ್ತಿನ ಹಕ್ಕಿ, ಎಲ್ಲಾರೂ ಬಂದು ಫೋಟೋ ಹೊಡಕೋತಾರ. ಹೊಲಕ್ಕ ಇಳದಾಗ ಮಾತ್ರ ಬರೇ ಆ ಹೊಲದವನ ಹಕ್ಕಿ.

ಹೋದ ಡಿಸೆಂಬರದಾಗ ಒಂದು ದಿನ ಮುಂಜಾನೆ ಶಾಲಿಗೆ ಹೋಗೂಕಿಂತ ಮೊದಲ ಕೆರಿ ಕೆಳಗಿನ ಹೊಲದ ಕಾಕಾ ಕರದ್ರು, ಬಾರವ್ವಾ ಒಂದೀಟು ನೋಡಿ ಹೋಗು ಅಂತ. ಹೋದೆ. ಗೇಣುದ್ದ ಎದ್ದ ಕಡ್ಲಿ, ಸಾಲಿಗೆ ಸಾಲು ಕತ್ತರಿ ಹಾಕಿ ಕತ್ತರಿಸಿದಂಗ ಮ್ಯಾಲಿನ ಚಿಗುರು ಹೋಗಿತ್ತು. ಎರಿ ಮಣ್ಣಿನ ಮ್ಯಾಲ ಇಬ್ಬನಿ ಬಿದ್ದಿತ್ತಲ್ಲ, ಅದರಾಗ ಮೂರು ಬೆರಳಿನ ಹೆಜ್ಜಿ ಅಚ್ಚೊತ್ತಿದಂಗ ಮೂಡಿದ್ವು, ಹಸರು ಹಿಕ್ಕಿ ಎಲ್ಲಾ ಕಡೆ ಚೆಲ್ಲಿತ್ತು, ಒಂದು ಬೂದಿ ಬಣ್ಣದ ಪುಕ್ಕ ಕಡ್ಲಿ ಗಿಡಕ್ಕ ಸಿಕ್ಕಿ ಗಾಳಿಗೆ ಅಲ್ಲಾಡತಿತ್ತು. ಕಾಕಾ ಕಂಬಳಿ ಹೊದ್ದು ಬದುವಿನ ಮ್ಯಾಲ ಕುಂತಿದ್ರು, ರಾತ್ರಿ ಎಲ್ಲ ಹೊಲದಾಗನ ಇದ್ರಂತ, ಆದ್ರ ಎದ್ದು ಬಡದಿಲ್ಲ, ಡಬ್ಬಿ ಬಾರಿಸಿಲ್ಲ. ಯಾಕ ಕಾಕಾ ಅಂದ್ರ, ಅಷ್ಟು ದೂರದಿಂದ ಬಂದಾವ, ಬೀಗರಿದ್ದಂಗ, ಉಣ್ಣೋ ಮುಂದ ಎಬ್ಬಿಸಬಾರದು ಅಂದ್ರು. ಒಂದು ಗಳಿಗಿ ಸುಮ್ಮನಿದ್ದು ಮತ್ತ ಅಂದ್ರು, "ಬೀಗರಿಗೆ ನೀಡಿದವರ ಹೆಸರು ನಿನ್ನ ಪುಸ್ತಕದಾಗ ಎಲ್ಲಿ ಬರದೀಯವ್ವಾ?"

ಆ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ, ಈಗೂ ಇಲ್ಲ. ಅವರ ಪರವಾಗಿ ಒಂದು ಕಚೇರಿಗೆ ಅರ್ಜಿ ಬರದು ಕೊಟ್ಟೀನಿ, ತಗೊಂಡು ಇಟ್ಟಾರ, ತಿಂಗಳ ಮ್ಯಾಲ ತಿಂಗಳು ಹೋದ್ವು, ಹೌದು ಅಂತನೂ ಇಲ್ಲ ಇಲ್ಲ ಅಂತನೂ ಇಲ್ಲ. ಆದ್ರ ಊರ ಪುಸ್ತಕ ನಮ್ಮ ಕೈಯಾಗ ಐತಲ್ಲ, ಅದಕ್ಕ ನಿಮಗ ಬರಿಯಾಕತ್ತೀನಿ.

ನೀವು ಅನ್ಬಹುದು, ಟೀಚರ್ ಪುಸ್ತಕದ ಮಾತು ಹೇಳ್ತಾರ, ಮನಷಾ ಅಂದ್ರ ಮೊದಲ ತನ್ನ ಮನಿ, ಆಮ್ಯಾಲ ಊರು, ಜಗತ್ತು ಯಾವನ ಕಂಡಾನ ಅಂತ. ನಾ ಇದನ್ನ ನನ್ನ ಒಂಬತ್ತನೇ ಕ್ಲಾಸಿನ ಹುಡುಗರ ಮುಂದ ಇಟ್ಟು ನೋಡೀನಿ. ಒಂದು ಆಟ ಐತಿ, ಆರು ದೇಶದಾಗ ಆಡಿಸಿದ್ದು, ಅಮೆರಿಕಾ, ಇಟಲಿ, ರಷ್ಯಾ, ಅರ್ಜೆಂಟೈನಾ, ದಕ್ಷಿಣ ಆಫ್ರಿಕಾ, ಇರಾನ್, 2009ರಾಗ ಅದರ ಫಲಿತಾಂಶ ಛಾಪಾಗಿ ಬಂತು. ಆಡಿಸಿದ ಸಂಶೋಧಕರು ಟೋಕನ್ ಕೊಟ್ಟಿದ್ರು, ನಾ ಹುಣಸಿ ಬೀಜ ಕೊಟ್ಟೆ, ಒಬ್ಬೊಬ್ಬರಿಗೆ 10. ಮೂರು ಡಬ್ಬಿ ಇಟ್ಟೆ, ನಂದು, ಊರು, ಜಗತ್ತು. "ನಂದು" ಡಬ್ಬಿಗೆ ಹಾಕಿದ ಬೀಜ ಹಂಗ ತಿರುಗಿ ಬರ್ತೈತಿ. "ಊರು" ಡಬ್ಬಿಗೆ ಹಾಕಿದ್ದನ್ನ ನಾ ಎರಡರಷ್ಟು ಮಾಡಿ ನಾಕು ಮಂದಿಗೆ ಸರಿಸಮ ಹಂಚತೀನಿ, ಅಂದ್ರ ನಾ ಒಂದು ಹಾಕಿದ್ರ ನನಗ ಅರ್ಧ ಬರ್ತೈತಿ. "ಜಗತ್ತು" ಡಬ್ಬಿಗೆ ಹಾಕಿದ್ದನ್ನ ಮೂರರಷ್ಟು ಮಾಡಿ ಹನ್ನೆರಡು ಮಂದಿಗೆ ಹಂಚತೀನಿ, ನಾ ಒಂದು ಹಾಕಿದ್ರ ನನಗ ಬರೋದು ಕಾಲು ಭಾಗ. ಒಬ್ಬೊಬ್ಬರ ಲೆಕ್ಕ ಹಿಡಿದ್ರ "ನಂದು" ಡಬ್ಬಿನ ಲಾಭ. ಆದ್ರ ಎಲ್ಲಾರೂ ಕೂಡಿ ಹಾಕಿದ್ರ? ಎಲ್ಲಾರೂ ತಮ್ಮ ಹತ್ರನ ಇಟ್ಟುಕೊಂಡ್ರ ಒಬ್ಬೊಬ್ಬರಿಗೆ 10, ಎಲ್ಲಾರೂ ಊರಿಗೆ ಹಾಕಿದ್ರ ಒಬ್ಬೊಬ್ಬರಿಗೆ 20, ಹನ್ನೆರಡೂ ಮಂದಿ ಜಗತ್ತಿಗೆ ಹಾಕಿದ್ರ ಒಬ್ಬೊಬ್ಬರಿಗೆ 30. ನೀವ ಬೆರಳು ಮಡಚಿ ಎಣಿಸಿ ನೋಡ್ರಿ.

ನನ್ನ ಹುಡುಗ್ರು ಏನ ಮಾಡಿದ್ರು ಅಂದ್ರ, ಎದುರಿಗೆ ಕುಂತ ನಾಕು ಮಂದಿ ಇದ್ರಲ್ಲ, "ಊರು" ಡಬ್ಬಿಗೆ ಕೈ ಬಿಚ್ಚಿ ಹಾಕಿದ್ರು. ಜಗತ್ತಿನ ಡಬ್ಬಿಗೆ ಉಳದ ಎಂಟು ಮಂದಿ ಬಿ ಸೆಕ್ಷನ್ನಿನವರು, ಬ್ಯಾರೆ ಖೋಲಿಯೊಳಗ ಇದ್ರು, ಮುಖ ಕಾಣಂಗಿಲ್ಲ. ಆ ಡಬ್ಬಿ ತಳ ಮುಚ್ಚಲಿಲ್ಲ. ಒಬ್ಬಾಕಿ ಎದ್ದು ಕೇಳಿದ್ಲು, ಟೀಚರ್ ಅವರೂ ಹಾಕ್ತಾರಂತ ಏನ್ ಗ್ಯಾರಂಟಿ ರೀ? ಬರೋಬರಿ ಪ್ರಶ್ನಿ. ಅದಕ್ಕ ಎರಡನೇ ಸಲ ಆಡೋ ಮುಂದ ಆ ಕಡೆ ಖೋಲಿಯೊಳಗ ಎಷ್ಟು ಬೀಜ ಬಿತ್ತು ಅನ್ನೂದನ್ನ ಬೋರ್ಡಿನ ಮ್ಯಾಲ ಬರದೆ, ಈ ಕಡೆದನ್ನ ಆ ಕಡೆ ಬರಸಿದೆ. ಅಷ್ಟಕ್ಕ ಡಬ್ಬಿ ಸ್ವಲ್ಪ ತುಂಬಾಕ ಹತ್ತಿತು. ಎಲ್ಲಾರೂ ಹಾಕಲಿಲ್ಲ, ಕಡೀತನಕ ಒಂದೂ ಹಾಕದವರೂ ಇದ್ರು. ಆದ್ರ ಮೊದಲು ಹಾಕದಿದ್ದವರ ಪೈಕಿ ಸುಮಾರು ಮಂದಿ ಹಾಕಿದ್ರು, ಯಾಕಂದ್ರ ಆ ಕಡೆ ಏನ ನಡದೈತಿ ಅನ್ನೂದು ಗೊತ್ತಾತು.

ಆ ಆರು ದೇಶದ ಆಟದಾಗ ಕಂಡದ್ದು ಇನ್ನೊಂದು ಐತಿ, ಇದು ನಮ್ಮ ಹೊರಗಿನ ಹುಡುಗರಿಗೆ ಸಂಬಂಧಪಟ್ಟದ್ದು. ಹೊರಗಿನ ಮಂದಿ ಜೋಡಿ ಬಳಕಿ ಜಾಸ್ತಿ ಇದ್ದವರು, ವ್ಯವಹಾರ, ಓಡಾಟ, ಮಾತುಕತಿ ಇದ್ದವರು, ಜಗತ್ತಿನ ಡಬ್ಬಿಗೆ ಜಾಸ್ತಿ ಹಾಕಿದ್ರು. ನಮ್ಮೂರ ವಾಟ್ಸಾಪ್ ಗ್ರೂಪಿನಾಗ ನಾ ಇದನ್ನ ದಿನಾ ನೋಡತೀನಿ. ಒಬ್ಬ ತಮ್ಮ ಬ್ಯಾರೆ ಖಂಡದ ಕಾಡಿನಾಗ ಗಿಡ ಹಚ್ಚಾಕ ಪ್ರತಿ ತಿಂಗಳು ರೊಕ್ಕ ಕೊಡತಾನ, ಸರ್ಟಿಫಿಕೇಟ್ ಬಂದದ್ದು ಗ್ರೂಪಿಗೆ ಹಾಕಿದ್ದ. ನಾ ಅದನ್ನ ಹಗರ ಮಾಡಂಗಿಲ್ಲ, ಅಲ್ಲಿ ಗಿಡ ಬೆಳದ್ರೂ ಹೊಗಿ ಕುಡಿಯೋದು ನಮ್ಮ ಗಾಳಿದೂ ಹೌದು, ಗಾಳಿಗೆ ತಾಲೂಕಿಲ್ಲ ಜಿಲ್ಲಾ ಇಲ್ಲ. ಆದ್ರ ತಮ್ಮಾ, ನೀ ಈಜು ಕಲಿತ ಕೆರಿ ಇದು, ನಿನ್ನ ಅವ್ವ ಈಗೂ ಅರಿವಿ ಒಗಿಯಾಕ ಇಲ್ಲೇ ಬರ್ತಾಳ, ಕೆರಿ ಹೂಳು ತಗಿಯಾಕ ಎತ್ತೋ ಪಟ್ಟಿಯೊಳಗ ಎರಡು ವರ್ಷದಿಂದ ನಿನ್ನ ಹೆಸರಿನ ಮುಂದ ಖಾಲಿ ಐತಿ. ನಿನ್ನಂಥವರು ಬಾಳ ಮಂದಿ ಅದಾರ, ನಿನ್ನೊಬ್ಬನ್ನ ಹಿಡಿದು ಅಂದಿಲ್ಲ.

ಊರಾಗಿದ್ದವರದು ಉಲ್ಟಾ. ನಮಗ ಕೆರಿ ಕಾಣತೈತಿ, ಜಗತ್ತು ಕಾಣಂಗಿಲ್ಲ. ಊರಿಗೂ ನಾವು ಪೂರಾ ಹಾಕತೀವಿ ಅಂತಲ್ಲ ಮತ್ತ, ಪುಸ್ತಕ ಬರಿಯಾಕಿ ನಾನ ಅದೀನಿ, ಸುಳ್ಳು ಹೇಳಾಕ ಬರಂಗಿಲ್ಲ. ತೇರಿನ ಪಟ್ಟಿ ಮೂರು ದಿನದಾಗ ತುಂಬತೈತಿ, ಮೈಕಿನಾಗ ಹೆಸರು ಕೂಗತಾರ. ಹೂಳಿನ ಪಟ್ಟಿ ಮೂರು ತಿಂಗಳಾದ್ರೂ ತುಂಬಂಗಿಲ್ಲ, ಯಾಕಂದ್ರ ಪಟ್ಟಿ ಕೊಡದವನ ಬಾವಿಗೂ ನೀರು ಇಂಗತೈತಿ ಅನ್ನೂದು ಎಲ್ಲಾರಿಗೂ ಗೊತ್ತೈತಿ.

ಆದ್ರ ನಾವು ಹೊರಗಿನವರಿಗೆ ಎಂದೂ ಕೊಟ್ಟಿಲ್ಲ, ಹೊರಗಿನವರಿಂದ ನಮಗೇನೂ ಬಂದಿಲ್ಲ ಅನ್ನೂ ಮಾತು ಅವತ್ತು ಸಭಾದಾಗ ಒಬ್ಬರು ಹಿರಿಯರು ಆಡಿದ್ರು ನೋಡ್ರಿ, ಅದನ್ನ ನಾ ಒಪ್ಪಂಗಿಲ್ಲ. 2019ರ ಆಗಸ್ಟದಾಗ ಮಲಪ್ರಭಾ ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರು ಕಡೆ ಊರಿಗೆ ಊರ ನೀರಾಗ ನಿಂತಾಗ ನಮ್ಮೂರಾಗ ಏನಾತು ಮರತ್ರೇನು? ಯಾರೂ ಪಟ್ಟಿ ಎತ್ತಲಿಲ್ಲ, ಯಾರೂ ಠರಾವು ಮಾಡಲಿಲ್ಲ. ಮನಿಮನಿಯೊಳಗ ಒಲಿ ಹೊತ್ತಿದ್ವು, ಎರಡು ದಿನ ಊರ ತುಂಬ ಬರೇ ರೊಟ್ಟಿ ಬಡಿಯೋ ಸಪ್ಪಳ. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳ ಪುಡಿ, ಚೀಲಕ್ಕ ಹಾಕಿ ಗುಡಿ ಕಟ್ಟಿಗೆ ತಂದು ಇಟ್ರು. ಮ್ಯಾಲಿನ ಓಣಿ ಆಯಿ, ಗಂಡ ಇಲ್ಲ ಮಕ್ಕಳಿಲ್ಲ, ಪಿಂಚಣಿ ಮ್ಯಾಲ ಬದುಕೋ ಆಯಿ, ಹಳೇ ಇಳಕಲ್ ಸೀರಿ ತುಂಡಿನ್ಯಾಗ ಹನ್ನೊಂದು ರೊಟ್ಟಿ ಕಟಗೊಂಡು ಬಂದ್ಲು. ಹನ್ನೆರಡನೇದು ಹರಕು ಆತು, ಅದಕ್ಕ ಬಿಟ್ಟು ಬಂದೀನಿ, ಮಂದಿಗೆ ಹರಕು ರೊಟ್ಟಿ ಕೊಡಬಾರದು ಅಂದ್ಲು. ಕೊಣ್ಣೂರು ಎಲ್ಲೈತಿ ಅಂತ ಆಯಿಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ನಮ್ಮ ಗದಗ ಜಿಲ್ಲಾದ ಡಂಬಳದಾಗ ರೊಟ್ಟಿ ಜಾತ್ರಿ ನಡೀತೈತಿ, ಊರೂರಿಂದ ರೊಟ್ಟಿ ಬರ್ತಾವ, ಯಾರ ಮನಿ ರೊಟ್ಟಿ ಯಾರ ಕೈಗೆ ಬಿತ್ತು ಅಂತ ಯಾರೂ ನೋಡಂಗಿಲ್ಲ. ಇದು ನಮ್ಮ ನೆಲದಾಗನ ಐತಿ, ನಾ ಹೊರಗಿಂದ ತಂದು ಹೇಳಿದ್ದಲ್ಲ.

ಇನ್ನ ಹೊರಗಿಂದ ಬಂದದ್ದು. ಪೋಲಿಯೋ ಹನಿ ಹಾಕೋ ಭಾನುವಾರ ಅಂಗನವಾಡಿ ಮುಂದ ನಾ ಎಷ್ಟು ಸಲ ಕುಂತೀನಿ ಲೆಕ್ಕಿಲ್ಲ, ಕೂಸಿನ ಎಡಗೈ ಕಿರಿಬೆರಳಿಗೆ ಮಸಿ ಹಚ್ಚತಿದ್ವಿ. ಆ ಹನಿ ತಯಾರು ಮಾಡಿದವರು ಯಾರೋ, ರೊಕ್ಕ ಹಾಕಿದವರು ಯಾವ್ಯಾವ ದೇಶದವರೋ, ಐಸ್ ಡಬ್ಬಿ ಹೊತ್ತು ತಂದಾಕಿ ನಮ್ಮ ಆಶಾ ಅಕ್ಕ. ನಮ್ಮ ದೇಶದ ಕಡೀ ಪೋಲಿಯೋ ಕೇಸು 2011ರ ಜನವರಿ 13ಕ್ಕ, ಪಶ್ಚಿಮ ಬಂಗಾಳದ ಹೌರಾದಾಗ ಒಂದು ಸಣ್ಣ ಹುಡುಗಿಗೆ. 2014ರ ಮಾರ್ಚ್ 27ಕ್ಕ ವಿಶ್ವ ಆರೋಗ್ಯ ಸಂಸ್ಥೆ ನಾವು ಪೋಲಿಯೋಮುಕ್ತ ಅಂತ ಬರದು ಕೊಟ್ಟಿತು. ಆ ರೋಗ ಹೌರಾದಾಗ ಉಳದಿದ್ರ ನಮ್ಮೂರಿಗೂ ಬರಾಕ ಎಷ್ಟೊತ್ತು, ರೈಲಿನಾಗ ಎರಡು ದಿನದ ಹಾದಿ. ಸಿಡುಬು ಹೋದದ್ದೂ ಹಂಗ, 1980ರಾಗ ಜಗತ್ತಿನಿಂದನ ಹೋತು ಅಂತ ಘೋಷಣಾ ಆತು, ಆಯಿ ಮುಖದ ಮ್ಯಾಲಿನ ಕಲಿ ನೋಡಿದವರಿಗೆ ಅದು ಏನಿತ್ತು ಅಂತ ಗೊತ್ತು. ಜಗತ್ತಿನ ಡಬ್ಬಿಗೆ ಯಾರೂ ಹಾಕದಿದ್ರ ಈ ಎರಡೂ ಆಗ್ತಿರಲಿಲ್ಲ. ಊರ ಡಬ್ಬಿಗೆ ಹಾಕಿದ್ದು ಊರ ಕಾಯತೈತಿ ಅನ್ನೂದು ಖರೇ, ಆದ್ರ ಕೆಲವೊಂದು ಏರಿ ಕಟ್ಟಿ ನಿಲ್ಲಸಾಕ ಬರಂಗಿಲ್ಲ.

ಸಂಸ್ಥಾದವರಿಗೂ ಒಂದು ಮಾತು ಇಲ್ಲೇ ಹೇಳಿಬಿಡತೀನಿ, ಅವರೂ ಓದ್ತಾರ. ನಿಮ್ಮ ಉದ್ದೇಶ ಒಳ್ಳೇದು, ಹಕ್ಕಿ ಉಳೀಬೇಕು ಅನ್ನೂದರಾಗ ನನಗ ನಿಮಗ ಭೇದ ಇಲ್ಲ. ಆದ್ರ ಬೋರ್ಡು, ಕಟ್ಟಿ, ದುರ್ಬೀನು ಮೂರೂ ನೋಡಾಕ ಬರೋವರ ಸಲುವಾಗಿ, ಮೇಸಾಕ ಇರೋವರ ಸಲುವಾಗಿ ಏನೂ ಇಲ್ಲ. ಮಂಡ್ಯ ಜಿಲ್ಲಾದ ಕೊಕ್ಕರೆ ಬೆಳ್ಳೂರಿನಾಗ ಹಕ್ಕಿ ಊರೊಳಗಿನ ಹುಣಸಿ ಗಿಡದ ಮ್ಯಾಲ ಗೂಡು ಕಟ್ಟತಾವ, ಹುಣಸಿ ಹಣ್ಣು ಇಳಸಾಕ ಬರಂಗಿಲ್ಲ ಅಂತ ಗಿಡದ ಮಾಲಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಟ್ಟಿದ್ದು ಐತಿ. ಅಲ್ಲಿ ಹಕ್ಕಿ ಉಳದದ್ದು ಊರವರ ಪ್ರೀತಿಯಿಂದ ಹೌದು, ಆದ್ರ ಆ ಪ್ರೀತಿಯ ಖರ್ಚು ಪೂರಾ ಊರವರ ಮ್ಯಾಲನ ಹಾಕಲಿಲ್ಲ. ನಮ್ಮ ಕಡ್ಲಿಗೂ ಅದ ನ್ಯಾಯ ಬೇಕು.

ಕಂಪನಿಗಳ ಪಾಲಿನ ರೊಕ್ಕಾನೂ ಐತಿ. 2013ರ ಕಂಪನಿ ಕಾಯ್ದೆಯೊಳಗ 135ನೇ ಕಲಮು, ವರ್ಷಕ್ಕ 5 ಕೋಟಿ ನಿವ್ವಳ ಲಾಭ ಮಾಡೋ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದಾಗ ನೂರಕ್ಕ 2 ಪಾಲು ಸಮಾಜಕ್ಕ ಖರ್ಚು ಮಾಡಬೇಕು, ಅದರಾಗೂ ತಾವು ಕೆಲಸ ನಡಸೋ ಜಾಗದ ಸುತ್ತಮುತ್ತಲಿಗೆ ಮೊದಲ ಆದ್ಯತೆ ಕೊಡಬೇಕು ಅಂತ ಅದರಾಗನ ಬರದೈತಿ. ನಮ್ಮ ಜಿಲ್ಲಾದ ಗುಡ್ಡದ ಮ್ಯಾಲ ಗಾಳಿ ಫ್ಯಾನು ತಿರಗಾಕತ್ತಾವ, ಗಾಳಿ ನಮ್ಮದು, ಕರೆಂಟು ಎಲ್ಲಾರದು, ಹೊಗಿ ಕಡಿಮಿ ಆದದ್ದರ ಪುಣ್ಯ ಜಗತ್ತಿಗೆ. ಪಂಚಾಯಿತಿಯವರು ಒಂದು ಪತ್ರ ಬರದು ಕೇಳಿದ್ರ ತಪ್ಪೇನು? ಇಲ್ಲೀತನಕ ನಾವು ಯಾರಿಗೂ ಬರದಿಲ್ಲ, ನಾ ಕಡತ ನೋಡೀನಿ.

ಈಗ ನಾ ಕೇಳೋದು ಏನಂದ್ರ, ಹಿರಿಯರ, ಮೊದಲ ಆ ಠರಾವು ತಿರುಗಿ ದೈವದ ಮುಂದ ತರ್ರಿ. "ಒಂದು ರೂಪಾಯಿ ಹೋಗಬಾರದು" ಅನ್ನೂ ಮಾತು ತಗದು, ಊರಾಗ ಎತ್ತಿದ ಪಟ್ಟಿಯೊಳಗ ಹತ್ತಕ್ಕ ಒಂಬತ್ತು ಊರಿಗೆ, ಒಂದು ಹೊರಗಿಗೆ ಅಂತ ಬರೀರಿ. ಹತ್ತಕ್ಕ ಒಂದು ಬಾಳ ಅಲ್ಲ, ಆ ಒಂದನ್ನ ಎಲ್ಲಿಗೆ ಕಳಸಬೇಕು ಅನ್ನೂದನ್ನೂ ದೈವನ ತೀರ್ಮಾನ ಮಾಡ್ಲಿ, ನೆರಿ ಬಂದ ಕಡೆ ಕಳಸೋಣು ಬರ ಬಿದ್ದ ಕಡೆ ಕಳಸೋಣು. ಕಳಸಿದ ರಶೀದಿ, ಅಲ್ಲಿ ಏನಾತು ಅನ್ನೂದು, ತೇರಿನ ಪಟ್ಟಿ ಓದಿದಂಗ ಮೈಕಿನಾಗ ಓದ್ರಿ. ನನ್ನ ಕ್ಲಾಸಿನಾಗ ಡಬ್ಬಿ ತುಂಬಾಕ ಹತ್ತಿದ್ದು ಬೋರ್ಡಿನ ಮ್ಯಾಲ ಬರದ ಮ್ಯಾಲನ.

ಹಕ್ಕಿ ಕಾಗದದಾಗ ಎಂಜಿನ್ ವಿಚಾರ ತಿರುಗಿ ಮಾತಾಡ್ರಿ. ಹಿಂಗಾರಿಗೆ ಒಂದು ನೀರು ಕೊಡದಿದ್ರ ಆ ಆರು ಮನಿ ಕಡ್ಲಿ ಜ್ವಾಳ ಎರಡೂ ಒಣಗತಾವ, ಹಕ್ಕಿ ಕುಂದ್ರೋ ದಂಡಿ ಬಿಟ್ಟು ತೂಬಿನ ಕಡೆಯಿಂದ, ಹಗಲಿನ್ಯಾಗ ಎರಡು ತಾಸು ನೀರು ತಗೊಳ್ಳಾಕ ಅವಕಾಶ ಇಟ್ಟರ ಯಾರಿಗೂ ತ್ರಾಸ ಇಲ್ಲ. ಹೂಳಿನದಂತೂ ಜಗಳನ ಇಲ್ಲ. ಹಕ್ಕಿ ಮಾರ್ಚಿನೊಳಗ ಹೋಗ್ತಾವ, ನೀರು ಇಳಿಯೋದು ಏಪ್ರಿಲ್ ಮೇದಾಗ, ಹೂಳು ತಗಿಯೋ ಹಂಗಾಮು ಅದ. ಆದ್ರ ಹೋದ ಸಲ ಜೆಸಿಬಿಯವ ದಂಡಿನ ಗ್ವಾಡಿ ಕಡದಂಗ ಕಡದು ಹೋದ, ಹಕ್ಕಿಗೆ ನಿಂದರಾಕ ತೆಳ್ಳನ ನೀರು ಇರಲಿಲ್ಲ, ದನಾ ಇಳಿಯಾಕನೂ ಬರಲಿಲ್ಲ, ಒಂದು ಎಮ್ಮಿ ಜಾರಿ ಕಾಲ ಮುರಕೊಂತು. ನಡು ಕೆರ್ಯಾಗ ಆಳ ತಗೀರಿ, ದಂಡಿಗೆ ಇಳಿಜಾರು ಬಿಡ್ರಿ. ಅದು ಹಕ್ಕಿಗೂ ಬೇಕು ಎಮ್ಮಿಗೂ ಬೇಕು.

ಗ್ರಾಮಸಭಾದಾಗ ಕೊಕ್ಕರೆ ಬೆಳ್ಳೂರಿನ ಉದಾಹರಣಿ ಕೊಟ್ಟು ಬೆಳಿ ಪರಿಹಾರದ ಠರಾವು ಮಾಡಿ ಮ್ಯಾಲ ಕಳಸ್ರಿ. ನಾನೊಬ್ಬಾಕಿ ಬರದ ಅರ್ಜಿ ಕಪಾಟಿನಾಗ ಕುಂತೈತಿ, ಊರ ಬರದ್ರ ಅಷ್ಟು ಸುಲಭಕ್ಕ ಕುಂದ್ರಂಗಿಲ್ಲ. 1905ರಾಗ ನಮ್ಮ ಗದಗ ತಾಲೂಕಿನ ಕಣಗಿನಹಾಳದಾಗ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನ ಕೂಡಿಸಿ ದೇಶದಾಗನ ಮೊದಲನೇ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ರು. ಒಂದು ಊರಿನ ಕಟ್ಟಿ ಮ್ಯಾಲ ಶುರುವಾದ ಲೆಕ್ಕ ದೇಶಕ್ಕೆಲ್ಲ ಹಬ್ಬಿತು, ಅದು ನಮ್ಮ ಜಿಲ್ಲಾದ ಮಾತ, ಕೂಡಿ ಬರಿಯೋದು ನಮಗ ಹೊಸದಲ್ಲ.

ಹೊರಗಿನ ತಮ್ಮಗಳಿಗೆ, ತಂಗಿಗಳಿಗೆ ಕೇಳೋದು, ದೂರದ ಗಿಡಕ್ಕ ಕೊಡೋದು ನಿಲ್ಲಸಬ್ಯಾಡ್ರಿ. ಅದರ ಅರ್ಧದಷ್ಟು ಕೆರಿಗೂ ಕೊಡ್ರಿ. ಹೂಳು ಹೊತ್ತ ಟ್ರ್ಯಾಕ್ಟರಿನ ಟ್ರಿಪ್ ಲೆಕ್ಕ ಪ್ರತಿ ವಾರ ಫೋಟೋ ತಗದು ನಾ ಗ್ರೂಪಿಗೆ ಹಾಕತೀನಿ, ಅದು ನನ್ನ ಜವಾಬ್ದಾರಿ. ನಿಮಗ ಊರ ಕಾಣಲಾರದಂಗ ಆಗೈತಿ, ನಮಗ ಜಗತ್ತು ಕಾಣಲಾರದಂಗ, ಎರಡೂ ಕಡೆಯವರು ಒಬ್ಬರಿಗೊಬ್ಬರು ತೋರಸಬೇಕು.

ಮತ್ತ ಸಭಾ ಹಗಲು ಹೊತ್ತಿನ್ಯಾಗ ಕರೀರಿ, ಹೆಣ್ಣಮಕ್ಕಳು ಬರೋ ಹೊತ್ತಿನ್ಯಾಗ. ಕೆರಿಗೆ ದಿನಕ್ಕ ಎರಡು ಸಲ ಹೋಗೋವರು ಅವರು, 2019ರಾಗ ರೊಟ್ಟಿ ಬಡದವರೂ ಅವರ. ಕೊಡಬೇಕೋ ಬ್ಯಾಡೋ ಅನ್ನೂ ಠರಾವಿನಾಗ ಅವರ ಮಾತು ಇರಲಿಲ್ಲ ಅನ್ನೂದು ನನಗ ಬಾಳ ನೋವು ಆಗೈತಿ.

ಬರೋ ಅಮಾವಾಸಿಗೆ ನಾ ಪುಸ್ತಕ ತರತೀನಿ. ಹೊಸ ಪುಟಕ್ಕ ಗೆರಿ ಹೊಡದು ಇಟ್ಟೀನಿ, ಮ್ಯಾಲ "ಹಕ್ಕಿ ಮೇವಿಗೆ ಕೊಟ್ಟವರು" ಅಂತ ಬರದೀನಿ, ಕೆಳಗ ಆರು ಹೆಸರು, ಮೊದಲನೇದು ಕೆರಿ ಕೆಳಗಿನ ಹೊಲದ ಕಾಕಾಂದು. ಹೆಸರಿನ ಮುಂದ ಎಷ್ಟು ಚೀಲ ಕಡ್ಲಿ ಅಂತ ಬರೀಬೇಕು ಅನ್ನೂದನ್ನ ಕಾಕಾ ತಾವಾಗೇ ಹೇಳಂಗಿಲ್ಲ, ಹೇಳೋ ಮನಷಾನೂ ಅಲ್ಲ. ದೈವದವರು ಅಷ್ಟರೊಳಗ ಒಂದು ದಿನ ಮುಂಜಾನೆ ಎದ್ದು ಆ ಆರೂ ಹೊಲ ತಿರುಗಿ ನೋಡಿಕೊಂಡು ಬಂದು, ಎಷ್ಟು ಅಂತ ನನಗ ಬರಸ್ರಿ.

ಇಂತಿ ನಿಮ್ಮ ಊರ ಸೊಸಿ,
ಪಟ್ಟಿ ಪುಸ್ತಕ ಬರಿಯಾಕಿ